ಜೀಪಿನ ಕಮಾನು : ಆಯ್ಕೆ ಮತ್ತು ಹೊಂದಾಣಿಕೆ

(ಗುಂಜಿಯ ಒಬ್ಬ ವಿದ್ಯಾರ್ಥಿ, ಬಿ.ಎ. ಅಂತಿಮ ವರ್ಷ)

ಕಲಾ ಮಹಾವಿದ್ಯಾಲಯದ ವಾರ್ಷಿಕ ಸಂಚಿಕೆಯಲ್ಲಿ ಜೀಪಿನ ಸ್ಪ್ರಿಂಗಿನ ಮೇಲೆ ಒಂದು ಲೇಖನವೇಕೆ ಎಂದು ವಾಚಕರು ಕೇಳಬಹುದು. ಕೇಳುವದು ನ್ಯಾಯವೇ. ನಾನು ಓದುತ್ತಿರುವದು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ. ಯಂತ್ರಶಾಸ್ತ್ರದ ತರಗತಿಯಲ್ಲಿ ನಾನು ಒಂದು ದಿನವೂ ಕುಳಿತವನಲ್ಲ. ಆದರೆ ನಮ್ಮ ಮನೆಯ ಅನ್ನವು ಒಂದು ಹಳೆಯ ಜೀಪಿನ ನಾಲ್ಕು ಗಾಲಿಗಳ ಮೇಲೆ ಬಂದದ್ದು. ನನ್ನ ಕಾಲೇಜಿನ ಫೀ ಕೂಡ ಅದೇ ಜೀಪು ಹೊತ್ತ ಇಟ್ಟಿಗೆ ಮತ್ತು ಗೊಬ್ಬರದ ಚೀಲಗಳಿಂದ ಹುಟ್ಟಿದ್ದು. ನಮ್ಮ ಮನೆತನದಲ್ಲಿ ಪದವಿಯ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಹೀಗಿರುವಾಗ, ಆ ಜೀಪಿನಿಂದ ನಾನು ಕಲಿತ ಒಂದು ಪಾಠವನ್ನು ನನ್ನ ಸಹಪಾಠಿಗಳ ಮುಂದೆ ಇಡುವದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಗುಂಜಿಯು ಖಾನಾಪುರದಿಂದ ಲೋಂಡಾಕ್ಕೆ ಹೋಗುವ ರೈಲುದಾರಿಯ ಮೇಲಿರುವ ಸಣ್ಣ ನಿಲ್ದಾಣ. ಮಾವುಲಿ ದೇವಿಯ ಗುಡಿಯಿಂದ ನಮ್ಮ ಊರಿನ ಹೆಸರನ್ನು ಬಲ್ಲವರು ಬಹಳ. ಹೆದ್ದಾರಿಯೇನೋ ಹತ್ತಿರವೇ ಇದೆ. ಆದರೆ ಹೆದ್ದಾರಿಯನ್ನು ಬಿಟ್ಟು ಕಾಡಿನ ಕಡೆಗೆ ಹೊರಳಿದೊಡನೆ ಕೆಂಪು ಮಣ್ಣಿನ ದಾರಿ, ಹಳ್ಳ, ಮರದ ಬೇರು, ಜಂಬಿಟ್ಟಿಗೆಯ ಕಲ್ಲು ಇವು ಎದುರಾಗುವವು. ಭೀಮಗಡದ ಅರಣ್ಯವು 2011ರಲ್ಲಿ ವನ್ಯಜೀವಿ ಧಾಮವಾಯಿತು. ಅದರೊಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಯಾವ ಗಾಡಿಯೂ ಹೋಗಲಾರದ ದಿನಗಳಿರುತ್ತವೆ. 2024ರ ಮಳೆಗಾಲದಲ್ಲಿ ಆಮಗಾಂವದ ರೋಗಿಯೊಬ್ಬರನ್ನು ಊರವರೇ ಹೊತ್ತು ಕಾಡು ದಾಟಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಇಂಥ ನಾಡಿನಲ್ಲಿ ಜೀಪು ಎಂಬದು ಹಗಲು ಹೇರಿನ ಗಾಡಿ, ರಾತ್ರಿ ದವಾಖಾನೆಯ ಗಾಡಿ. ಈ ಎರಡು ಕೆಲಸಗಳನ್ನೂ ಹೊತ್ತು ನಿಲ್ಲುವ ಅಂಗವೇ ಕಮಾನು.

ನಡೆದ ಸಂಗತಿ

ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರು ಜೀಪಿನ ಹಿಂದಿನ ಕಮಾನುಗಳನ್ನು ಗಟ್ಟಿ ಮಾಡಿಸಿದರು. ಮೊದಲು ಒಂದೊಂದು ಕಮಾನಿನಲ್ಲಿ ಎಂಟು ಉಕ್ಕಿನ ಪಟ್ಟಿಗಳಿದ್ದವು. ಈ ಪಟ್ಟಿಗಳಿಗೆ ನಮ್ಮ ಭಾಗದ ಗ್ಯಾರೇಜಿನ ಮಾತಿನಲ್ಲಿ, ಮರಾಠಿಯಿಂದ ಬಂದ ರೂಢಿಯಂತೆ, ‘ಪಾಟಾ’ ಎನ್ನುವರು. ಇಟ್ಟಿಗೆಯ ಹೇರು ಹೆಚ್ಚು ಸಿಕ್ಕುತ್ತಿದ್ದ ಕಾಲವದು. ಪಟ್ಟಣದ ಒಂದು ಗ್ಯಾರೇಜಿನವರು ಪ್ರತಿ ಕಮಾನಿಗೆ ಇನ್ನೆರಡು ಪಾಟಾ ಸೇರಿಸಿ, ಮೇಲಿನ ಮುಖ್ಯ ಪಾಟಾವನ್ನು ತೆಗೆದು ಅದಕ್ಕಿಂತ ದಪ್ಪನಾದುದನ್ನು ಹಾಕಿಕೊಟ್ಟರು. ಅಂದಿನಿಂದ 160 ಇಟ್ಟಿಗೆ ಹೇರುತ್ತಿದ್ದ ಗಾಡಿಗೆ 250 ಇಟ್ಟಿಗೆ ಹೇರತೊಡಗಿದೆವು. ಗಾಡಿ ಹಿಂದೆ ಕುಸಿಯುತ್ತಿರಲಿಲ್ಲ. ಎಲ್ಲರಿಗೂ ಸಂತೋಷ.

ಅದೇ ಮಳೆಗಾಲದ ಒಂದು ರಾತ್ರಿ, ಒಳಗಿನ ಹಳ್ಳಿಯಲ್ಲಿರುವ ನನ್ನ ಸೋದರತ್ತೆ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಅವಳನ್ನು ಕರೆತರಲು ತಂದೆಯವರೊಡನೆ ನಾನೂ ಹೋದೆ. ಗಾಡಿಯಲ್ಲಿ ಹೇರಿರಲಿಲ್ಲ; ಇದ್ದವರು ನಾಲ್ಕೇ ಜನ. ಆ ದಾರಿಯುದ್ದಕ್ಕೂ ಗಾಡಿಯು ಕುದುರೆ ಒದ್ದಂತೆ ಒದೆಯಿತು. ಒಂದೊಂದು ಕಲ್ಲಿಗೂ ಅತ್ತೆ ಕೂಗುತ್ತಿದ್ದಳು. ನಾನು ಅವಳ ಕಾಲನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದೆ. ಹಳ್ಳವನ್ನು ಏರುವಾಗ ಹಿಂದಿನಿಂದ ‘ಟಣ್’ ಎಂದು ಸಪ್ಪಳವಾಗಿ ಗಾಡಿ ಒಂದು ಮಗ್ಗುಲಿಗೆ ವಾಲಿತು. ಹೊಸ ಮುಖ್ಯ ಪಾಟಾವೇ ಮುರಿದಿತ್ತು. ಅದೃಷ್ಟಕ್ಕೆ ಮುರಿದದ್ದು ಹಿಂಬದಿಯ ಅರ್ಧ. ಚಾಸಿಗೂ ಆಕ್ಸಲಿಗೂ ನಡುವೆ ಒಂದು ಮರದ ತುಂಡು ಇಟ್ಟು, ಹಗ್ಗದಿಂದ ಬಿಗಿದು, ನಡೆಯುವವರ ವೇಗದಲ್ಲಿ ಖಾನಾಪುರ ಮುಟ್ಟುವ ಹೊತ್ತಿಗೆ ಬೆಳಗಾಗಿತ್ತು.

ಅತ್ತೆ ಗುಣವಾದಳು. ಮುಂದೆ ಒಂದು ದಿನ ನಗುತ್ತಲೇ ಅಂದಳು: “ಗಾಡಿ ಗಟ್ಟಿ ಮಾಡಿಸೀವಿ ಅಂತ ನಿಮ್ಮಪ್ಪ ಹೇಳ್ತಿದ್ದ. ಅದು ರಸ್ತೆಕ್ಕ ಗೊತ್ತಾಗಲಿಲ್ಲೋ ತಮ್ಮಾ, ನನ್ನ ಕಾಲಿಗೆ ಗೊತ್ತಾತು.”

ನಮ್ಮ ಪಕ್ಕದ ಊರಿನಲ್ಲಿ ಒಬ್ಬ ವೃದ್ಧ ಮಿಸ್ತ್ರಿ ಇದ್ದಾರೆ. ಮುರಿದ ಪಾಟಾವನ್ನು ಅವರ ಮುಂದೆ ಇಟ್ಟೆವು. ಅವರು ಮುರಿದ ಮುಖವನ್ನು ಬೆಳಕಿಗೆ ಹಿಡಿದು ತೋರಿಸಿದರು. ಅರ್ಧ ಭಾಗ ತುಕ್ಕು ಹಿಡಿದು ಕಂದಾಗಿತ್ತು. ಉಳಿದರ್ಧ ಹರಳಿನಂತೆ ಹೊಳೆಯುತ್ತಿತ್ತು. ಕಂದು ಭಾಗ ಎಷ್ಟೋ ದಿನಗಳ ಹಿಂದೆಯೇ ಬಿರುಕು ಬಿಟ್ಟದ್ದು, ಹೊಳೆಯುವ ಭಾಗ ಮಾತ್ರ ಆ ರಾತ್ರಿ ಮುರಿದದ್ದು. “ಪಾಟಾ ಹೆಚ್ಚಿಗಿ ಹಾಕಿದ್ರ ಗಾಡಿ ಗಟ್ಟಿ ಆಗ್ತೈತಿ ಅಂತ ತಿಳ್ಕೊಂಡ್ರಿ. ಗಟ್ಟಿ ಆಗಲಿಲ್ಲ, ಬಿರುಸ ಆತು” ಎಂದರು ಅವರು. ಗಟ್ಟಿ ಬೇರೆ, ಬಿರುಸು ಬೇರೆ ಎಂಬ ಈ ಮಾತಿನ ಅರ್ಥವನ್ನು ಹುಡುಕುತ್ತ ನಾನು ಪಿ.ಯು. ಭೌತಶಾಸ್ತ್ರದ ಪುಸ್ತಕವನ್ನೂ, ಡಿಪ್ಲೋಮಾ ಓದುವ ಗೆಳೆಯನ ಪುಸ್ತಕವನ್ನೂ ತಿರುವಿ ಹಾಕಿದೆ. ಕೆಳಗಿನ ವಿವರಣೆಯು ಆ ಓದಿನ ಮತ್ತು ಮಿಸ್ತ್ರಿಕಾಕಾ ಅವರ ಅನುಭವದ ಫಲ.

ಕಮಾನಿನ ಗುಣ

ನಮ್ಮ ಚಕ್ಕಡಿಗೆ ಕಮಾನಿಲ್ಲ, ಟಾಂಗಾಕ್ಕೆ ಇತ್ತು. ಎರಡರಲ್ಲಿಯೂ ಕುಳಿತ ಹಿರಿಯರಿಗೆ ಅವುಗಳ ಭೇದವನ್ನು ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಒಬೆಡಾಯ ಎಲಿಯಟ್ ಎಂಬವನು 1804ರಲ್ಲಿ ಕುದುರೆಗಾಡಿಗೆ ಬಿಲ್ಲಿನಾಕಾರದ ಉಕ್ಕಿನ ಪಟ್ಟಿಗಳ ಕಮಾನನ್ನು ಅಳವಡಿಸಿ ಅದಕ್ಕೆ ಹಕ್ಕುಪತ್ರ ಪಡೆದನು. ಅದರ ವಂಶದ ಕಮಾನೇ 1941ರ ಸುಮಾರಿಗೆ ಯುದ್ಧಕ್ಕಾಗಿ ತಯಾರಾದ ಅಮೇರಿಕದ ವಿಲ್ಲೀಸ್ ಜೀಪಿನಲ್ಲಿ ಮುಂದೆಯೂ ಹಿಂದೆಯೂ ಕುಳಿತಿತು. 1947ರಲ್ಲಿ ಮುಂಬಯಿಯ ಮಹೀಂದ್ರಾ ಕಂಪನಿಯು ವಿಲ್ಲೀಸ್ ಜೀಪುಗಳ ಕೆಲಸವನ್ನು ಕೈಗೆತ್ತಿಕೊಂಡ ಮೇಲೆ ಅದು ನಮ್ಮ ಅರಣ್ಯ ಇಲಾಖೆಗೂ ಅಭಿವೃದ್ಧಿ ಯೋಜನೆಯ ಕಚೇರಿಗಳಿಗೂ ಕೊನೆಗೆ ನಮ್ಮಂಥವರ ಅಂಗಳಕ್ಕೂ ಬಂದಿತು.

ವಿಲ್ಲೀಸ್ ಜೀಪಿನ ಒಂದು ಸಂಗತಿ ಬೋಧಪ್ರದವಾಗಿದೆ. ಅದರ ಚಾಲಕನೂ, ಅವನ ಆಸನದ ಕೆಳಗಿನ ಪೆಟ್ರೋಲ್ ಟಾಕಿಯೂ ಎಡಗಡೆಗೆ ಇದ್ದವು. ಆದ್ದರಿಂದ ಮುಂದಿನ ಎಡಗಡೆಯ ಕಮಾನನ್ನೂ ಬಲಗಡೆಯ ಕಮಾನನ್ನೂ ಒಂದೇ ತರಹ ಮಾಡದೆ ಬೇರೆ ಬೇರೆ ಮಾಡಿದ್ದರು. ಅಂದರೆ ಮೊದಲು ಭಾರವನ್ನು ನೋಡಿ, ಆಮೇಲೆ ಕಮಾನನ್ನು ಆರಿಸಿದರು. ನಾವು ಮಾಡಿದ್ದು ಇದಕ್ಕೆ ತೀರ ವಿರುದ್ಧ.

ರಾಬರ್ಟ್ ಹುಕ್ ಎಂಬ ವಿಜ್ಞಾನಿಯು 1678ರಲ್ಲಿ ಪ್ರಕಟಿಸಿದ ನಿಯಮವು ಈ ವಿಷಯಕ್ಕೆ ಅಡಿಗಲ್ಲು. ಭಾರ ಇಮ್ಮಡಿಯಾದರೆ ಕಮಾನಿನ ಇಳಿತವೂ ಇಮ್ಮಡಿಯಾಗುವದು. ಕಮಾನು ಒಂದು ಸೆಂಟಿಮೀಟರು ಇಳಿಯಲು ಎಷ್ಟು ಕಿಲೋ ಭಾರ ಬೇಕೋ ಅದನ್ನು ಅದರ ‘ಬಿರುಸು’ ಎಂದು ಕರೆಯೋಣ. 50 ಕಿಲೋಗೆ ಒಂದು ಸೆಂಟಿಮೀಟರು ಇಳಿದರೆ ಬಿರುಸು 50.

ಈ ಬಿರುಸು ಯಾವದರಿಂದ ಹುಟ್ಟುವದು? ಬಿದಿರನ್ನು ಬಲ್ಲ ನಮ್ಮ ಊರಿನವರಿಗೆ ಇದನ್ನು ತಿಳಿಸುವದು ಸುಲಭ. ಇಡಿಯಾದ ಬಿದಿರಿನ ಗಳ ಬಾಗಲೊಲ್ಲದು. ಅದನ್ನೇ ಸೀಳಿ, ಸೀಳುಗಳನ್ನು ಒಂದರ ಮೇಲೊಂದು ಇಟ್ಟು ಬಗ್ಗಿಸಿದರೆ ಸುಲಭವಾಗಿ ಬಾಗುವದು. ಪಾಟಾಗಳ ಕಟ್ಟು ಇರುವದೂ ಇದಕ್ಕಾಗಿಯೇ. ಲೆಕ್ಕದಲ್ಲಿ ಹೇಳುವದಾದರೆ, ಬಿರುಸು ಪಾಟಾಗಳ ಸಂಖ್ಯೆಗೂ ಅಗಲಕ್ಕೂ ತಕ್ಕಂತೆ ಏರುವದು. ಆದರೆ ದಪ್ಪದ ಘನಕ್ಕೆ ತಕ್ಕಂತೆ ಏರುವದು. ಉದ್ದದ ಘನಕ್ಕೆ ತಕ್ಕಂತೆ ಇಳಿಯುವದು. 6 ಮಿಲಿಮೀಟರು ದಪ್ಪದ ಎಂಟು ಪಾಟಾಗಳ ಬದಲು 48 ಮಿಲಿಮೀಟರು ದಪ್ಪದ ಒಂದೇ ಉಕ್ಕಿನ ತೊಲೆಯನ್ನು ಇಟ್ಟರೆ ಬಿರುಸು 64 ಪಟ್ಟು ಆಗುವದು. ಅಂಥ ಜೀಪಿಗಿಂತ ಚಕ್ಕಡಿಯೇ ಲೇಸು.

ಇಲ್ಲಿಯೇ ನಮ್ಮ ತಪ್ಪು ಅಡಗಿತ್ತು. ಎಂಟು ಪಾಟಾಗಳನ್ನು ಹತ್ತು ಮಾಡಿದರೆ ಬಿರುಸು ನೂರಕ್ಕೆ 25ರಷ್ಟು ಏರುವದು. ಇದನ್ನು ಯಾರಾದರೂ ಊಹಿಸಬಹುದು. ಆದರೆ 6 ಮಿಲಿಮೀಟರಿನ ಒಂದು ಪಾಟಾ ತೆಗೆದು 8 ಮಿಲಿಮೀಟರಿನದನ್ನು ಹಾಕಿದರೆ ಅದೊಂದರ ಬಿರುಸೇ ಸುಮಾರು 2.4 ಪಟ್ಟು ಆಗುವದು. ಎರಡು ಬದಲಾವಣೆಗಳೂ ಸೇರಿ ಇಡೀ ಕಮಾನಿನ ಬಿರುಸು ಸ್ಥೂಲವಾಗಿ ನೂರಕ್ಕೆ 42ರಷ್ಟು ಏರಿತು.

ಬಿರುಸು ಏರಿದರೆ ಬಲವೂ ಏರಬೇಕಲ್ಲವೇ ಎಂದು ನಾನೂ ಕೇಳಿದ್ದೆ. ಹಾಗಿಲ್ಲ. ಒಂದೇ ಪ್ರಮಾಣಕ್ಕೆ ಬಾಗಿಸಿದಾಗ ದಪ್ಪ ಪಾಟಾದ ಹೊರಮೈ ತೆಳು ಪಾಟಾಕ್ಕಿಂತ ಹೆಚ್ಚು ಹಿಗ್ಗಬೇಕಾಗುವದು. 8 ಮಿಲಿಮೀಟರಿನ ಪಾಟಾದ ಮೈಮೇಲಿನ ಎಳೆತವು 6 ಮಿಲಿಮೀಟರಿನದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ಹೇರನ್ನು ನಾವು 250 ಇಟ್ಟಿಗೆಗೆ ಏರಿಸಿದ್ದರಿಂದ, ದೊಡ್ಡ ಗುಂಡಿಗೆ ಬಿದ್ದಾಗ ಆಕ್ಸಲು ಮೊದಲಿನಂತೆಯೇ ಮೇಲಿನ ರಬ್ಬರಿನ ತಡೆಗೆ ಹೋಗಿ ಬಡಿಯುತ್ತಿತ್ತು. ಬಾಗು ಅಷ್ಟೇ, ಎಳೆತ ಮಾತ್ರ ಹೆಚ್ಚು. ಅದರಿಂದ ಬಿರುಕು ಹುಟ್ಟಿ ದಿನದಿನಕ್ಕೆ ಬೆಳೆಯಿತು.

ಕುಳಿತವರಿಗೆ ಆಗುವದೇನು?

ಕಮಾನಿನ ಮೇಲೆ ಕುಳಿತ ಗಾಡಿಯು ತೊಟ್ಟಿಲಿನಂತೆ ತನ್ನದೇ ಆದ ಒಂದು ಲಯದಲ್ಲಿ ಮೇಲೆ ಕೆಳಗೆ ಆಡುವದು. ಈ ಲಯವನ್ನು ಕಂಡುಹಿಡಿಯಲು ಒಂದು ಸರಳ ಸೂತ್ರವಿದೆ. ಕಮಾನಿನ ಮೇಲಿನ ಭಾರವನ್ನು ಬಿರುಸಿನಿಂದ ಭಾಗಿಸಿದರೆ ಇಳಿತವು ಸೆಂಟಿಮೀಟರುಗಳಲ್ಲಿ ಸಿಕ್ಕುವದು. 300ನ್ನು ಆ ಇಳಿತದ ವರ್ಗಮೂಲದಿಂದ ಭಾಗಿಸಿದರೆ ಗಾಡಿಯು ನಿಮಿಷಕ್ಕೆ ಎಷ್ಟು ಸಲ ಆಡುವದೆಂದು ತಿಳಿಯುವದು. ನಾವು ನಡೆಯುವಾಗ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಇಡುತ್ತೇವೆ. ಆ ವೇಗದ ಆಟಕ್ಕೆ ನಮ್ಮ ದೇಹ ಹೊಂದಿಕೊಂಡಿದೆ. ಅದಕ್ಕಿಂತ ಬಹಳ ಚುರುಕಾದರೆ ಅದು ಆಟವಾಗಿ ಉಳಿಯದೆ ಪೆಟ್ಟಾಗುವದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೇರಿಲ್ಲದಾಗ ಹಿಂದಿನ ಒಂದು ಕಮಾನಿನ ಮೇಲೆ 250 ಕಿಲೋ, ಸುಮಾರು 160 ಇಟ್ಟಿಗೆ ಹೇರಿದಾಗ 500 ಕಿಲೋ ಇದೆಯೆಂದು ಇಟ್ಟುಕೊಳ್ಳೋಣ. ಬಿರುಸು 50 ಇದ್ದರೆ ಹೇರಿಲ್ಲದಾಗ ಇಳಿತ 5 ಸೆಂ.ಮೀ.; ಗಾಡಿ ನಿಮಿಷಕ್ಕೆ 134 ಸಲ ಆಡುವದು. ಹೇರಿದಾಗ ಇಳಿತ 10 ಸೆಂ.ಮೀ.; ಆಟ 95 ಸಲ. ಇಟ್ಟಿಗೆ ಹೇರಿದ ಗಾಡಿಯೇ ಸುಖವಾಗಿ ಹೋಗುವದೇಕೆಂದು ಈಗ ತಿಳಿಯುವದು. ಇನ್ನು ಬಿರುಸನ್ನು ನೂರಕ್ಕೆ 42ರಷ್ಟು ಏರಿಸಿ 71 ಮಾಡಿದರೆ, ಹೇರಿಲ್ಲದ ಗಾಡಿಯ ಇಳಿತ ಮೂರೂವರೆ ಸೆಂಟಿಮೀಟರಿಗೆ ಬರುವದು. ಆಟ ನಿಮಿಷಕ್ಕೆ 160 ಸಲಕ್ಕೆ ಏರುವದು. ನನ್ನ ಅತ್ತೆಯು ಆ ರಾತ್ರಿ ಮುರಿದ ಎಲುಬಿನಿಂದ ಅಳೆದದ್ದು ಈ ಅಂತರವನ್ನೇ. ಇಟ್ಟಿಗೆಗಾಗಿ ಆರಿಸಿದ ಕಮಾನಿನ ಮೇಲೆ ನಾವು ರೋಗಿಯನ್ನು ಮಲಗಿಸಿದ್ದೆವು.

ಆರಿಸುವ ಕ್ರಮ

ಆದುದರಿಂದ ಕಮಾನನ್ನು ಆರಿಸುವವನು ಮೊದಲು ತನ್ನ ಗಾಡಿ ಏನನ್ನು ಹೊರುವದು, ಎಷ್ಟು ದಿನ ಹೊರುವದು ಎಂಬದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ವರ್ಷದಲ್ಲಿ ನಾಲ್ಕು ದಿನ ಬರುವ ಅತಿ ದೊಡ್ಡ ಹೇರಿಗಾಗಿ ಆರಿಸಿದರೆ ಉಳಿದ ದಿನಗಳಲ್ಲಿ ಗಾಡಿಯೂ ಜನರೂ ಅದರ ದಂಡ ತೆರಬೇಕಾಗುವದು.

ಎರಡನೆಯದು ತೂಕ. ಕಬ್ಬಿನ ನಾಡಾದ ನಮ್ಮ ಜಿಲ್ಲೆಯಲ್ಲಿ ತೂಕದ ಕಾಟಾಗಳಿಗೆ ಕೊರತೆಯಿಲ್ಲ. ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ಒಂದು ಸಲ, ಹಿಂದಿನವನ್ನಷ್ಟೇ ನಿಲ್ಲಿಸಿ ಒಂದು ಸಲ ತೂಗಬೇಕು. ಹೇರಿಲ್ಲದೆ ಮತ್ತು ನಿತ್ಯದ ಹೇರಿನೊಡನೆ ಹೀಗೆ ತೂಗಿದರೆ ನಾಲ್ಕು ಅಂಕೆಗಳು ಸಿಕ್ಕುವವು. ಆಕ್ಸಲು ಮತ್ತು ಗಾಲಿಗಳ ತೂಕವನ್ನು ಕಮಾನು ಹೊರುವದಿಲ್ಲ; ಅಷ್ಟನ್ನು ಕಳೆದು ಲೆಕ್ಕ ಹಾಕಬೇಕು.

ಮೂರನೆಯದು ಈಗಿರುವ ಕಮಾನಿನ ಬಿರುಸು. ಇದನ್ನು ಅಂಗಳದಲ್ಲಿಯೇ ಅಳೆಯಬಹುದು. ಸಮತಟ್ಟಾದ ನೆಲದ ಮೇಲೆ ಗಾಡಿಯನ್ನು ನಿಲ್ಲಿಸಿ, ಆಕ್ಸಲಿನಿಂದ ಚಾಸಿಯವರೆಗಿನ ಎತ್ತರವನ್ನು ಎರಡೂ ಬದಿಗೆ ಅಳೆದು ಬರೆದುಕೊಳ್ಳಬೇಕು. ಬಳಿಕ 50 ಕಿಲೋದ ನಾಲ್ಕು ಸಿಮೆಂಟಿನ ಚೀಲಗಳನ್ನು ಸರಿಯಾಗಿ ಹಿಂದಿನ ಆಕ್ಸಲಿನ ನೆತ್ತಿಯ ಮೇಲೆ ಇಡಬೇಕು. ಪ್ರತಿ ಕಮಾನಿಗೆ 100 ಕಿಲೋ ಬಿದ್ದಂತಾಯಿತು. ಎತ್ತರವು 2 ಸೆಂ.ಮೀ. ಕಡಿಮೆಯಾದರೆ ಬಿರುಸು 50. ಇಲ್ಲೊಂದು ಎಚ್ಚರಿಕೆ: ಪಾಟಾಗಳು ಒಂದಕ್ಕೊಂದು ಉಜ್ಜುವದರಿಂದ ಕಮಾನು ತಕ್ಷಣ ಪೂರ್ತಿ ಇಳಿಯುವದಿಲ್ಲ. ಆದ್ದರಿಂದ ಪ್ರತಿ ಸಲವೂ ಗಾಡಿಯನ್ನು ಚೆನ್ನಾಗಿ ಕುಲುಕಿ ಆಮೇಲೆ ಅಳೆಯಬೇಕು; ಚೀಲ ಇಡುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಅಳೆದು ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು ಉಳಿದಿರುವ ಜಾಗ. ಹೇರಿದ ಮೇಲೆ ಆಕ್ಸಲಿಗೂ ರಬ್ಬರಿನ ತಡೆಗೂ ನಡುವೆ ಎಷ್ಟು ಅಂತರ ಉಳಿದಿದೆ? ಹೇರಿಲ್ಲದಾಗ 12 ಸೆಂ.ಮೀ. ಇದ್ದು, ಹೇರಿದಾಗ 7 ಉಳಿದರೆ ಕಾಡುದಾರಿಯ ಗುಂಡಿಗಳನ್ನು ನುಂಗಲು ಅದು ಸಾಕು. 2 ಸೆಂ.ಮೀ. ಮಾತ್ರ ಉಳಿದರೆ ಪ್ರತಿ ಗುಂಡಿಯೂ ಸುತ್ತಿಗೆಯ ಏಟಾಗುವದು. ಹೀಗೆ ಆದಾಗ ಹೇರು ಹೆಚ್ಚಾಯಿತೆಂದು ಮೊದಲು ತಿಳಿಯಬೇಕು. ಕಮಾನು ಮೆತ್ತಗಾಯಿತೇ ಎಂಬದು ಆಮೇಲಿನ ಪ್ರಶ್ನೆ. ಹಳೆಯ ಕಮಾನು ನಿಜವಾಗಿಯೇ ಜೋತುಬಿದ್ದಿದ್ದರೆ ಅದೇ ಅಳತೆಯ ಹೊಸದನ್ನು ಹಾಕುವದೇ ಸರಿಯಾದ ಉಪಾಯ.

ಹಗಲು ಹೇರು, ರಾತ್ರಿ ಜನ ಎಂಬ ಎರಡೂ ಕೆಲಸ ತಪ್ಪದವರಿಗೆ ಒಂದು ನಡುದಾರಿ ಇದೆ. ಮುಖ್ಯ ಕಟ್ಟನ್ನು ಮೊದಲಿನಂತೆಯೇ ಬಿಟ್ಟು, ಅದಕ್ಕೆ ತಾಗದಂತೆ ಅಂತರ ಬಿಟ್ಟು ಸಹಾಯಕ ಪಾಟಾ ಕೂಡ್ರಿಸುವ ಪದ್ಧತಿಯದು. ಕೆಲವು ಗಾಡಿಗಳಿಗೆ ಕಾರಖಾನೆಯವರೇ ಇದನ್ನು ಹೀಗೆ ಕೊಡುವರು. ಹೇರಿಲ್ಲದಾಗ ಸಹಾಯಕ ಪಾಟಾ ಸುಮ್ಮನೆ ಇರುವದು. ಭಾರ ಬಿದ್ದು ಕಮಾನು, ಹೇಳೋಣ, 3 ಸೆಂ.ಮೀ. ಇಳಿದ ಮೇಲೆ ಅದು ತಾಗಿ ತನ್ನ ಪಾಲಿನ ಭಾರವನ್ನು ಹೊರತೊಡಗುವದು. ಸಹಾಯಕದ ಬಿರುಸು 30 ಇದ್ದರೆ ಮೊದಲ 150 ಕಿಲೋಗೆ ಬಿರುಸು 50, ಮುಂದಿನದಕ್ಕೆ 80. ಖಾಲಿ ಗಾಡಿಯ ಮೆತ್ತಗಿನ ಗುಣವೂ ಉಳಿಯಿತು, ಹೇರಿದ ಗಾಡಿ ಕುಸಿಯುವದೂ ತಪ್ಪಿತು. ಆದರೆ ಇದರಿಂದ ಚಾಸಿ, ಆಕ್ಸಲು, ಬ್ರೇಕು, ಟಾಯರುಗಳ ಶಕ್ತಿ ಹೆಚ್ಚಾಗುವದಿಲ್ಲ. ನೋಂದಣಿ ಪುಸ್ತಕದಲ್ಲಿರುವ ತೂಕವನ್ನು ಮೀರಲು ಇದೊಂದು ಪರವಾನಿಗೆಯಲ್ಲ. ಕಾರಖಾನೆಯವರು ಗೊತ್ತುಪಡಿಸಿದ ವಿವರಗಳಿಗಿಂತ ಗಾಡಿಯನ್ನು ಬೇರೆ ಮಾಡುವದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸಿದೆ ಎಂಬದನ್ನೂ ನೆನಪಿನಲ್ಲಿಡಬೇಕು.

ಹೊಂದಾಣಿಕೆ

ಒಳ್ಳೆಯ ಕಮಾನೂ ಕೆಟ್ಟ ಜೋಡಣೆಯಿಂದ ಮುರಿಯುವದು. ಮಿಸ್ತ್ರಿಕಾಕಾ ಅವರು ಹೇಳಿಕೊಟ್ಟ ಮಾತುಗಳನ್ನು ಕ್ರಮವಾಗಿ ಕೊಡುತ್ತೇನೆ.

ಕಮಾನನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟುಗಳು ಸಡಿಲಾದರೆ ಪಾಟಾಗಳ ನಡುಭಾಗವೂ ಬಾಗತೊಡಗುವದು. ಆ ನಡುವಿನಲ್ಲಿಯೇ ಸೆಂಟರ್ ಬೋಲ್ಟಿನ ತೂತು ಇರುವದರಿಂದ ಅದು ಪಾಟಾದ ಅತಿ ದುರ್ಬಲ ಸ್ಥಳ. ನಮ್ಮದು ಮುರಿದದ್ದೂ ಅದರ ಮಗ್ಗುಲಲ್ಲಿಯೇ. ನಾಲ್ಕು ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು; ಗಾಡಿ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ತಪ್ಪದೆ ಮತ್ತೊಮ್ಮೆ ಬಿಗಿಯಬೇಕು. ಸೆಂಟರ್ ಬೋಲ್ಟು ಕತ್ತರಿಸಿದರೆ ಆಕ್ಸಲು ಹಿಂದೆ ಮುಂದೆ ಸರಿದು ಗಾಡಿಯು ಏಡಿಯಂತೆ ಓರೆಯಾಗಿ ಓಡುವದು.

ಕಮಾನು ಬಾಗಿದಾಗ ಅದರ ಉದ್ದ ಬದಲಾಗುವದು. ಆ ಉದ್ದಕ್ಕೆ ಎಡೆಮಾಡಿಕೊಡುವ ಕೊಂಡಿಯೇ ಶ್ಯಾಕಲ್. ಅದು ಕೆಸರು, ತುಕ್ಕುಗಳಿಂದ ಹಿಡಿದುಕೊಂಡರೆ ಎಂಥ ಮೆತ್ತಗಿನ ಕಮಾನೂ ಬಿರುಸಾಗುವದು. ಕಣ್ಣಿನೊಳಗೆ ರಬ್ಬರಿನ ಬುಶ್ ಇದ್ದರೆ ಅದರ ಬೋಲ್ಟನ್ನು ಗಾಡಿಯು ತನ್ನ ಗಾಲಿಗಳ ಮೇಲೆ ನಿಂತಾಗಲೇ ಬಿಗಿಯಬೇಕು. ಜ್ಯಾಕಿನ ಮೇಲೆ ಎತ್ತಿದಾಗ ಬಿಗಿದರೆ ಗಾಡಿ ಇಳಿದೊಡನೆ ರಬ್ಬರು ತಿರುಚಿಕೊಂಡು ಬೇಗ ಹರಿಯುವದು.

ಗಾಡಿ ಒಂದು ಬದಿಗೆ ವಾಲಿದ್ದರೆ ಮೊದಲು ಟಾಯರಿನ ಗಾಳಿಯನ್ನು ಸಮ ಮಾಡಬೇಕು. ಆಮೇಲೆ ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ಸದಾ ಒಬ್ಬನೇ ಕುಳಿತು ಓಡಿಸುವ ಗಾಡಿಯಲ್ಲಿ ಚಾಲಕನ ಬದಿ ಮೊದಲು ಇಳಿಯುವದು ಸಹಜ. ವಾಲಿದ ಬದಿಗೆ ಮಾತ್ರ ಒಂದು ಪಾಟಾ ಸೇರಿಸುವದು ಚಾಲ್ತಿಯಲ್ಲಿರುವ ರೂಢಿ. ಅದರಿಂದ ಎರಡು ಬದಿಗಳ ಬಿರುಸು ಬೇರೆಯಾಗಿ ತಿರುವಿನಲ್ಲಿ ತೊಂದರೆಯಾಗುವದು. ಕಮಾನುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಸೇರಿಸುವ ಪಾಟಾದ ಬಾಗು ಹಳೆಯದರ ಬಾಗಿಗೆ ಹೊಂದದಿದ್ದರೆ ಇಬ್ಬರು ಹೊರುವ ಭಾರವನ್ನು ಒಬ್ಬನೇ ಹೊತ್ತಂತಾಗುವದು.

ಜೋತುಬಿದ್ದ ಪಾಟಾವನ್ನು ಕೆಂಪಗೆ ಕಾಸಿ ಬಗ್ಗಿಸುವವರಿದ್ದಾರೆ. ಸ್ಪ್ರಿಂಗಿನ ಉಕ್ಕಿಗೆ ಅದರ ಗುಣ ಬಂದಿರುವದು ಕಾಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಸಿದ ಪಾಕದಿಂದ. ಬರೇ ಕಾಸಿ ಆರಲು ಬಿಟ್ಟರೆ ಆ ಹದ ಹೋಗುವದು. ಕೆಲವೇ ದಿನಗಳಲ್ಲಿ ಅದು ಮತ್ತೆ ಜೋತುಬೀಳುವದು. ಮುರಿದ ಪಾಟಾಕ್ಕೆ ವೆಲ್ಡಿಂಗ್ ಮಾಡುವದಂತೂ ಎಂದೂ ಸಲ್ಲದು.

ಶಾಕ್ ಅಬ್ಸಾರ್ಬರು ಭಾರವನ್ನು ಹೊರುವದಿಲ್ಲ. ಅದರ ಕೆಲಸ ಕಮಾನಿನ ಆಟವನ್ನು ತಣಿಸುವದು. ಗಾಡಿಯ ಮೂಲೆಯನ್ನು ಒತ್ತಿ ಬಿಟ್ಟಾಗ ಅದು ಒಮ್ಮೆ ಮೇಲೆ ಬಂದು ನಿಲ್ಲದೆ ಮತ್ತೆ ಮತ್ತೆ ಆಡಿದರೆ ಶಾಕ್ ಅಬ್ಸಾರ್ಬರು ಸವೆದಿದೆಯೆಂದು ತಿಳಿಯಬೇಕು. ಎಷ್ಟೋ ಸಲ ಈ ದೋಷಕ್ಕೆ ಕಮಾನನ್ನು ದೂರಿ ಪಾಟಾ ಸೇರಿಸುವರು.

ಎತ್ತರದ ಮೋಹ

ಕೊಡಚಾದ್ರಿಗೆ, ಮಾಂದಲಪಟ್ಟಿಗೆ, ನಮ್ಮ ನೆರೆಯ ಕುಳೆಯಿಂದ ದೂಧಸಾಗರಕ್ಕೆ ಪ್ರವಾಸಿಗರನ್ನು ಒಯ್ಯುವ ಜೀಪುಗಳನ್ನು ನೋಡಿದ ತರುಣರಿಗೆ ತಮ್ಮ ಗಾಡಿಯನ್ನೂ ಎತ್ತರ ಮಾಡಿಸುವ ಆಸೆ ಹುಟ್ಟುವದು. ಹೆಚ್ಚು ಬಾಗಿದ ಕಮಾನು ಅಥವಾ ಉದ್ದನೆಯ ಶ್ಯಾಕಲ್ ಹಾಕಿ 5 ಸೆಂ.ಮೀ. ಎತ್ತಿದರೆ ಮೈ ಏರುವದು ನಿಜ. ಆದರೆ ಕಲ್ಲಿಗೆ ಮೊದಲು ಬಡಿಯುವದು ಆಕ್ಸಲಿನ ನಡುವಿನ ಡಿಫರೆನ್ಶಿಯಲ್ ಗುಂಡು. ಅದು ಕಮಾನಿನ ಕೆಳಗೆ ಇರುವದರಿಂದ ಒಂದು ಕೂದಲಿನಷ್ಟೂ ಮೇಲೇರುವದಿಲ್ಲ. ಅದನ್ನು ಏರಿಸುವದು ದೊಡ್ಡ ಟಾಯರು ಮಾತ್ರ. ಇತ್ತ ಗಾಡಿಯ ಭಾರಕೇಂದ್ರ ಮೇಲೇರಿ ಮಗುಚುವ ಭಯ ಹೆಚ್ಚುವದು, ಪ್ರೊಪೆಲ್ಲರ್ ಶ್ಯಾಫ್ಟಿನ ಕೋನ ಕೆಡುವದು, ಮುಂದಿನ ಶ್ಯಾಕಲ್ ಉದ್ದವಾದರೆ ಸ್ಟೇರಿಂಗಿನ ಸ್ಥಿರತೆ ತಪ್ಪುವದು, ಬ್ರೇಕಿನ ನಳಿಕೆ ಎಳೆದುಕೊಳ್ಳುವದು. ಹಿಂದಿನ ಆಕ್ಸಲಿನ ಭಾರವನ್ನು ನೋಡಿ ಬ್ರೇಕನ್ನು ಹಂಚುವ ಕವಾಟವಿರುವ ಗಾಡಿಗಳಲ್ಲಿ ಎತ್ತರ ಬದಲಾದರೆ ಬ್ರೇಕಿನ ಲೆಕ್ಕವೇ ತಪ್ಪುವದು.

ಹೊಸ ಗಾಡಿಗಳಲ್ಲಿ ಪಾಟಾಗಳು ಮಾಯವಾಗುತ್ತಿವೆ. 2010ರ ಥಾರ್ ಗಾಡಿಯ ಹಿಂದೆ ಪಾಟಾಗಳೇ ಇದ್ದವು; 2020ರ ಥಾರ್‌ನಲ್ಲಿ ನಾಲ್ಕೂ ಕಡೆ ಸುರುಳಿ ಸ್ಪ್ರಿಂಗು ಬಂದಿತು. ಸುರುಳಿಯ ಬಿರುಸು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುವದು. ಸುತ್ತುಗಳು ಹೆಚ್ಚಾದರೆ ಇಳಿಯುವದು. ಗಾಡಿ ತಗ್ಗಿಸಲೆಂದು ಒಂದು ಸುತ್ತು ಕತ್ತರಿಸಿದವನು ಅದನ್ನು ಬಿರುಸೂ ಮಾಡಿರುತ್ತಾನೆ. ಆಕಾರ ಬೇರೆಯಾದರೂ ಪಾಠ ಅದೇ.

ಮುಕ್ತಾಯ

ನಮ್ಮ ಜೀಪಿಗೆ ಈಗ ಮೊದಲಿನ ಅಳತೆಯ ಎಂಟು ಪಾಟಾಗಳ ಹೊಸ ಕಮಾನುಗಳಿವೆ. 250 ಇಟ್ಟಿಗೆಯ ಹೇರನ್ನು ತಂದೆಯವರು ಬಿಟ್ಟುಬಿಟ್ಟರು. ಇದರಿಂದ ಮನೆಗೆ ಹಾನಿಯಾಗಿಲ್ಲವೆಂದು ನಾನು ಹೇಳಲಾರೆ. ಇಟ್ಟಿಗೆಯ ಭಟ್ಟಿಯವರು ಖೇಪಿನ ಲೆಕ್ಕದಲ್ಲಿ ಹಣ ಕೊಡುವದಿಲ್ಲ, ಇಟ್ಟಿಗೆಯ ಲೆಕ್ಕದಲ್ಲಿ ಕೊಡುವರು. ಅಷ್ಟೇ ಇಟ್ಟಿಗೆಗೆ ಈಗ ಎರಡು ಖೇಪಿನ ಬದಲು ಮೂರು ಖೇಪು ಬೇಕು. ಡೀಸೆಲ್ಲು ನಮ್ಮದು, ಹೊತ್ತು ನಮ್ಮದು. ಈ ವರ್ಷ ನನ್ನ ಪರೀಕ್ಷೆಯ ಫೀ ಕಟ್ಟುವಾಗ ಆ ಮೂರನೆಯ ಖೇಪಿನ ಭಾರ ನನಗೂ ತಟ್ಟಿತು. ಹೀಗಿದ್ದೂ ಒಮ್ಮೆ ನಾನು ಈ ಮಾತು ಎತ್ತಿದಾಗ ತಂದೆಯವರು ಇಷ್ಟೇ ಅಂದರು: “ಇಟ್ಟಂಗಿ ಒದರೂದಿಲ್ಲ. ಮನಷ್ಯಾ ಒದರತಾನ. ಮನಷ್ಯಾನ ಲೆಕ್ಕಾ ಹಿಡದs ಗಾಡಿ ಇಡೂಣು.”

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ತಂದೆ, ಅಕ್ಷರವನ್ನೇ ಕಲಿಯದ ಅತ್ತೆ, ಸೂತ್ರಗಳ ಹೆಸರನ್ನೂ ಕೇಳದ ಮಿಸ್ತ್ರಿಕಾಕಾ, ಈ ಮೂವರೂ ಬಲ್ಲ ಸಂಗತಿಯನ್ನು ಅಂಕೆಗಳಲ್ಲಿ ಬರೆದು ತೋರಿಸಿದ್ದಷ್ಟೇ ನನ್ನ ಕೆಲಸ. ಲೆಕ್ಕದಲ್ಲಿ ತಪ್ಪಿದ್ದರೆ ಅದು ನನ್ನದು. ವಿಜ್ಞಾನವನ್ನು ಬಲ್ಲ ಅಧ್ಯಾಪಕರೂ ಗೆಳೆಯರೂ ತಿದ್ದಬೇಕೆಂದು ಪ್ರಾರ್ಥನೆ. ಊರಿನಲ್ಲಿ ಜೀಪು ಇರುವ ಸಹಪಾಠಿಗಳು ಈ ರಜೆಯಲ್ಲಿ ಒಂದು ಟೇಪನ್ನೂ ನಾಲ್ಕು ಸಿಮೆಂಟಿನ ಚೀಲಗಳನ್ನೂ ತೆಗೆದುಕೊಂಡು ತಮ್ಮ ಗಾಡಿಯ ಕಮಾನನ್ನು ಅಳೆಯಲಿ. ಹಾಗೆಯೇ ಗಾಡಿಯ ಕೆಳಗೆ ಬಗ್ಗಿ ಪಾಟಾಗಳ ಮೇಲೆ ಎಲ್ಲಿಯಾದರೂ ಕಂದು ಬಣ್ಣದ ಗೆರೆ ಮೂಡಿದೆಯೇ ಎಂದು ನೋಡಲಿ. ಮಳೆಗಾಲಕ್ಕೆ ಮುಂಚೆ ನೋಡಿದರೆ ಒಳ್ಳೆಯದು.